ಬೆನ್ನಿಗೊಂದು ಒರಗು

ಮೋಟಾರು ಸೈಕಲ್ಲು ಊರಿನಿಂದ ಪೇಟೆಗೆ ಹೋಗಿಬರುವ ವಾಹನವಾಗಿದ್ದ ಕಾಲ ಕಳೆದು, ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ವಾಹನವಾಗಿ ಬಹಳ ದಿನಗಳಾದುವು. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ನಮ್ಮ ಕೋರ ಹೋಬಳಿಯ ಮೂಲಕವೇ ಹಾದುಹೋಗುತ್ತದೆ. ಯುಗಾದಿಯ ಹಿಂದಿನ ದಿನವೋ ದೀಪಾವಳಿಯ ಹಿಂದಿನ ದಿನವೋ ಬೆಳಗಿನ ಜಾವ ಅದರ ಪಕ್ಕದಲ್ಲಿ ಅರ್ಧ ಗಂಟೆ ನಿಂತು ನೋಡಿರಿ. ಬೆಂಗಳೂರಿನ ಕಡೆಯಿಂದ ಬಂದು ಚಿತ್ರದುರ್ಗ, ಬಳ್ಳಾರಿ, ಹುಬ್ಬಳ್ಳಿಗಳ ದಿಕ್ಕಿಗೆ ಹೋಗುವ ಮೋಟಾರು ಸೈಕಲ್ಲುಗಳು ಒಂದರ ಹಿಂದೊಂದು ಸಾಗುತ್ತವೆ. ಹಿಂದೆ ಹೆಂಡತಿ, ನಡುವೆ ಚೀಲ, ಪಕ್ಕದಲ್ಲಿ ಗಂಟು. ದಾರಿಬದಿಯ ಚಹಾದಂಗಡಿಯ ಮುಂದೆ ಇಳಿದವರು ಮೊದಲು ಮಾಡುವ ಕೆಲಸ ಚಹಾ ಕೇಳುವುದಲ್ಲ. ಎರಡು ಕೈಗಳನ್ನೂ ಸೊಂಟದ ಮೇಲಿಟ್ಟುಕೊಂಡು ಹಿಂದಕ್ಕೆ ಬಾಗುವುದು. ಈ ಲೇಖನ ಬರೆಯಲು ಆ ಭಂಗಿಯೇ ಕಾರಣ.

ಹೀಗೆ ಬಾಗುವವರಿಗೆಂದೇ ಈಗ ಅಂಗಡಿಗಳಲ್ಲಿ ಒಂದು ಸಾಮಾನು ದೊರೆಯುತ್ತದೆ. ಸವಾರನ ಬೆನ್ನ ಹಿಂದೆ, ಅವನಿಗೂ ಹಿಂದೆ ಕುಳಿತವರಿಗೂ ನಡುವೆ, ಕಬ್ಬಿಣದ ಕಾಲಿನ ಮೇಲೆ ನಿಲ್ಲುವ ಒಂದು ಸಣ್ಣ ಮೆತ್ತೆ. ಮಾರುವವರೂ ಕೊಳ್ಳುವವರೂ ಅದನ್ನು ಬ್ಯಾಕ್‌ರೆಸ್ಟ್ ಎನ್ನುತ್ತಾರೆ. ನಾನು ಒರಗು ಎಂದು ಕರೆಯುತ್ತೇನೆ. ಒರಗುವುದಕ್ಕೆ ಇರುವುದು ಒರಗು. ನಮ್ಮ ಹಿರಿಯರ ಜಗಲಿಯ ಮೇಲೆ ಒರಗುದಿಂಬು ಇರುತ್ತಿತ್ತಷ್ಟೆ. ಹಿಂದೆ ಕುಳಿತವರಿಗಾಗಿ ಸೀಟಿನ ತುದಿಯಲ್ಲಿ ಹಾಕುವ ಒರಗು ಬೇರೆ. ಅದು ಹಲವು ವಾಹನಗಳಲ್ಲಿ ಕಾರ್ಖಾನೆಯಿಂದಲೇ ಬರುತ್ತದೆ. ಇಲ್ಲಿ ಹೇಳುತ್ತಿರುವುದು ಸವಾರನ ಒರಗಿನ ವಿಷಯ. ಅದನ್ನು ಆರಿಸುವುದು ಸುಲಭದ ಕೆಲಸವಲ್ಲ. ತಪ್ಪಾಗಿ ಆರಿಸಿದ ಒರಗು ಬೆನ್ನಿಗೆ ಉಪಕಾರವನ್ನು ಮಾಡದಿರುವುದಲ್ಲದೆ ಹಿಂದೆ ಕುಳಿತವರಿಗೆ ಅಪಾಯವನ್ನೂ ತಂದೀತು.

ಮೊದಲು ಬೆನ್ನಿನ ವಿಚಾರ. ನಾವು ನೆಟ್ಟಗೆ ನಿಂತಾಗ ಬೆನ್ನೆಲುಬು ನೇರವಾದ ಗಳುವಿನಂತೆ ಇರುವುದಿಲ್ಲ. ಸೊಂಟದ ಭಾಗದ ಐದು ಕಶೇರುಗಳು ಒಳಕ್ಕೆ, ಅಂದರೆ ಹೊಟ್ಟೆಯ ಕಡೆಗೆ, ಕಮಾನಿನಂತೆ ಬಾಗಿರುತ್ತವೆ. ಕುಳಿತೊಡನೆ ಸೊಂಟದ ಕಟ್ಟು ಹಿಂದಕ್ಕೆ ಉರುಳುತ್ತದೆ, ಆ ಕಮಾನು ಚಪ್ಪಟೆಯಾಗುತ್ತದೆ. ಎಲುಬು ಎಲುಬಿನ ನಡುವಣ ಮೆತ್ತನೆಯ ಬಿಲ್ಲೆಗಳ ಮುಂಭಾಗ ಹಿಸುಕಿ, ಹಿಂಭಾಗ ಹಿಗ್ಗುತ್ತದೆ. ಬೆನ್ನ ಸ್ನಾಯುಗಳು ಮೈಯನ್ನು ಎತ್ತಿಹಿಡಿಯಲು ಬಿಡುವಿಲ್ಲದೆ ದುಡಿಯುತ್ತವೆ. ಅರ್ಧ ಗಂಟೆಯ ದಾರಿಗೆ ಇದು ಲೆಕ್ಕಕ್ಕಿಲ್ಲ. ಐದು ಗಂಟೆಯ ದಾರಿಗೆ ಇದೇ ಲೆಕ್ಕ.

ಸೊಂಟದ ಈ ಒಳಬಾಗಿಗೆ ಹಿಂದಿನಿಂದ ಒತ್ತು ಕೊಡಬೇಕೆಂಬ ಮಾತನ್ನು ಸ್ವೀಡನ್ ದೇಶದ ಬೆಂಗ್ಟ್ ಓಕರ್‌ಬ್ಲುಮ್ ಎಂಬ ವೈದ್ಯರು ೧೯೪೮ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕುರ್ಚಿಗಳನ್ನು ಕುರಿತು ಪ್ರತಿಪಾದಿಸಿದರು. ಆಮೇಲೆ ಅದೇ ದೇಶದ ಆಲ್ಫ್ ನಾಕೆಮ್ಸನ್ ೧೯೬೦ರ ದಶಕದಲ್ಲಿ, ಬದುಕಿರುವ ಮನುಷ್ಯರ ಬೆನ್ನಿನ ಬಿಲ್ಲೆಯೊಳಕ್ಕೇ ಸೂಜಿಯನ್ನು ಇಳಿಸಿ ಅಲ್ಲಿನ ಒತ್ತಡವನ್ನು ಅಳೆದರು. ನಿಂತಾಗಿನ ಒತ್ತಡವನ್ನು ೧೦೦ ಎಂದಿಟ್ಟುಕೊಂಡರೆ ಒರಗಿಲ್ಲದೆ ಕುಳಿತಾಗ ಸುಮಾರು ೧೪೦ ಎಂದು ಅವರ ಲೆಕ್ಕ. ೧೯೯೯ರಲ್ಲಿ ಜರ್ಮನಿಯ ಉಲ್ಮ್ ನಗರದ ವಿದ್ವಾಂಸರು ಮತ್ತೆ ಅಳೆದಾಗ ಕುಳಿತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಾಗಿ ಕಾಣಲಿಲ್ಲ. ಪಂಡಿತರಲ್ಲಿ ಇಂಥ ಭಿನ್ನಾಭಿಪ್ರಾಯ ಇದ್ದದ್ದೇ. ಆದರೆ ಹಿಂದಕ್ಕೆ ಒರಗಿದಾಗ ಬಿಲ್ಲೆಯ ಮೇಲಣ ಒತ್ತಡ ಇಳಿಯುತ್ತದೆ ಎಂಬ ವಿಷಯದಲ್ಲಿ ಇಬ್ಬರಿಗೂ ಭೇದವಿಲ್ಲ. ಒರಗಿನ ಉಪಯೋಗಕ್ಕೆ ಇಷ್ಟು ಆಧಾರ ಸಾಕು.

ಹಾಗಿದ್ದರೆ ಕುದುರೆಯ ಜೀನಿಗೆ ಏಕೆ ಒರಗಿಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಹೈದರ್–ಟಿಪ್ಪುಗಳ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲು ನಮ್ಮ ಜಿಲ್ಲೆಯಲ್ಲೇ ಇರುವಾಗ ಅದನ್ನು ಕೇಳದೆ ಬಿಡಬಾರದು. ಜೀನು ಎಂಬುದು ಪಾರಸಿಯಿಂದ ಬಂದ ಮಾತು. ನಮ್ಮ ಹಳೆಯ ಮಾತು ಪಲ್ಲಣ, ಅದೇ ಆಮೇಲೆ ಹಲ್ಲಣವಾಯಿತು. ಹಲ್ಲಣದ ಹಿಂಬದಿ ಸ್ವಲ್ಪ ಏರಿರುತ್ತದೆ, ಸವಾರ ಹಿಂದಕ್ಕೆ ಜಾರದಿರಲೆಂದು. ಅದಕ್ಕಿಂತ ಎತ್ತರಕ್ಕೆ ಹೋಗುವುದಿಲ್ಲ. ಏಕೆಂದರೆ ಕುದುರೆ ಹೆಜ್ಜೆ ಹಾಕಿದಂತೆಲ್ಲ ಸವಾರನ ಮೈ ಆಡಬೇಕು. ಹಳ್ಳ ಹಾರುವಾಗ ಅವನು ರಿಕಾಪಿನ ಮೇಲೆ ಎದ್ದು ನಿಲ್ಲಬೇಕು. ಮೋಟಾರು ಸೈಕಲ್ಲಿನ ಸವಾರನೂ ರಸ್ತೆಯ ಉಬ್ಬು ಬಂದಾಗ ಕಾಲುಮೆಟ್ಟಿನ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಏಳಬೇಕು, ತಿರುವಿನಲ್ಲಿ ಮೈಯನ್ನು ಅತ್ತಿತ್ತ ಸರಿಸಬೇಕು. ಹೀಗೆ ಏಳುವುದಕ್ಕೂ ಸರಿಯುವುದಕ್ಕೂ ಅಡ್ಡ ಬರುವ ಒರಗು ಎಷ್ಟು ಮೆತ್ತಗಿದ್ದರೂ ಕೆಟ್ಟ ಒರಗೇ. ಆರಾಮ ಕುರ್ಚಿಯ ಹಾಗೆ ಹೆಗಲವರೆಗೂ ಬರುವ ಒರಗುಗಳನ್ನು ನಾನು ಇದೇ ಕಾರಣದಿಂದ ಒಪ್ಪುವುದಿಲ್ಲ.

ನಮ್ಮ ಶಿಲ್ಪಿಗಳು ಈ ವಿಷಯವನ್ನು ಬೇರೊಂದು ಬಗೆಯಲ್ಲಿ ತಿಳಿದಿದ್ದರು. ದೇವರಾಯನದುರ್ಗದ ಬೆಟ್ಟದ ಮೇಲಿರುವವನು ಯೋಗನರಸಿಂಹ, ಕೆಳಗಿರುವವನು ಭೋಗನರಸಿಂಹ. ಯೋಗನರಸಿಂಹನ ವಿಗ್ರಹಗಳಲ್ಲಿ ಮಂಡಿಗಳನ್ನು ಸುತ್ತಿ ಕಟ್ಟಿದ ಒಂದು ಪಟ್ಟಿಯನ್ನು ನೀವು ಕಂಡಿರಬಹುದು. ಅದಕ್ಕೆ ಯೋಗಪಟ್ಟವೆಂದು ಹೆಸರು. ಬಹಳ ಹೊತ್ತು ಕುಳಿತಿರಬೇಕಾದವರು ಬೆನ್ನನ್ನೂ ಮಂಡಿಗಳನ್ನೂ ಸೇರಿಸಿ ಇಂಥ ಪಟ್ಟಿಯಿಂದ ಬಿಗಿಯುತ್ತಿದ್ದರು. ಸ್ನಾಯುಗಳ ಕೆಲಸವನ್ನು ಪಟ್ಟಿ ವಹಿಸಿಕೊಳ್ಳುತ್ತಿತ್ತು. ಒರಗಿಗೆ ಗೋಡೆಯಷ್ಟು ಅಗಲ ಬೇಡ, ಸರಿಯಾದ ಜಾಗದಲ್ಲಿ ಒಂದು ಗೇಣು ಇದ್ದರೆ ಸಾಕು ಎಂಬುದಕ್ಕೆ ಇದೊಂದು ನಿದರ್ಶನ.

ಎಲ್ಲ ಮೋಟಾರು ಸೈಕಲ್ಲಿಗೂ ಒರಗು ಸಲ್ಲುವುದಿಲ್ಲ. ಹಳೆಯ ಬುಲೆಟ್ಟುಗಳಲ್ಲಿ ಕೆಲವಕ್ಕೆ ಸವಾರನಿಗೆ ಸ್ಪ್ರಿಂಗಿನ ಒಂಟಿ ಸೀಟು ಬೇರೆ, ಹಿಂದಿನವರಿಗೆ ಬೇರೆ ಮೆತ್ತೆ ಇರುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಿಂದ ೧೯೯೬ರವರೆಗೆ ಮಾಡಿದ ಜಾವಾ, ಯೆಜ್ದಿಗಳಿಗೆ ಇಬ್ಬರಿಗೂ ಸೇರಿ ಉದ್ದನೆಯ ಒಂದೇ ಸೀಟು. ಇವೆಲ್ಲ ಸವಾರನನ್ನು ನೆಟ್ಟಗೆ ಕೂರಿಸುವ ವಾಹನಗಳು. ಒರಗು ಇವಕ್ಕೆ ಹೊಂದುತ್ತದೆ. ಕಾಲನ್ನು ಮುಂದಕ್ಕೆ ಚಾಚಿ ಕೂರುವ, ಕ್ರೂಸರ್ ಎಂದು ಕರೆಯುವ ವಾಹನಗಳಿಗಂತೂ ಅತ್ಯವಶ್ಯಕ. ಕಾಲು ಮುಂದಿರುವುದರಿಂದ ಕಾಲ ಮೇಲೆ ಭಾರ ಹಾಕಲಾಗುವುದಿಲ್ಲ, ಸೊಂಟ ಹಿಂದಕ್ಕೆ ಉರುಳುವುದು ಹೆಚ್ಚು, ರಸ್ತೆಯ ಪೆಟ್ಟೆಲ್ಲ ನೇರವಾಗಿ ಬೆನ್ನಿಗೇ. ಇದಕ್ಕೆ ಪ್ರತಿಯಾಗಿ, ಟ್ಯಾಂಕಿನ ಮೇಲೆ ಬೋರಲು ಬಿದ್ದಂತೆ ಓಡಿಸುವ ಪಂದ್ಯದ ಮಾದರಿಯ ವಾಹನಗಳಿವೆಯಲ್ಲ, ಅವುಗಳಲ್ಲಿ ಸವಾರನ ಬೆನ್ನು ಒರಗನ್ನು ಮುಟ್ಟುವುದೇ ಇಲ್ಲ. ಅಂಥವರು ಒರಗಿಗೆ ಹಣ ಹಾಕುವುದಕ್ಕಿಂತ ಹ್ಯಾಂಡಲನ್ನು ಎತ್ತರಿಸಿಕೊಳ್ಳುವುದು ಮೇಲು. ಇನ್ನು ನಮ್ಮ ಹಳ್ಳಿಗಳ ಟಿ.ವಿ.ಎಸ್. ಮೊಪೆಡ್ಡಿಗೆ ಒರಗಿನ ಪ್ರಶ್ನೆಯೇ ಇಲ್ಲ. ಹಿಂದೆ ಕಟ್ಟಿದ ಹುಲ್ಲಿನ ಹೊರೆಯೋ ರಾಗಿಯ ಮೂಟೆಯೋ ಆ ಕೆಲಸವನ್ನು ಮಾಡುತ್ತದೆ.

ತಮಾಷೆಗೆ ಹೇಳಿದೆನೆಂದುಕೊಳ್ಳಬೇಡಿ. ಒರಗು ನಿಮಗೆ ಬೇಕೇ ಎಂದು ಪರೀಕ್ಷಿಸುವ ಉಪಾಯ ಇದರಲ್ಲೇ ಇದೆ. ಒಂದು ಕಂಬಳಿಯನ್ನೋ ಜಮಖಾನವನ್ನೋ ಬಿಗಿಯಾಗಿ ಸುರುಳಿ ಸುತ್ತಿ, ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಇಟ್ಟು ಹಗ್ಗದಿಂದ ಕಟ್ಟಿರಿ. ಹಗ್ಗದ ತುದಿ ಚಕ್ರಕ್ಕಾಗಲಿ ಚೈನಿಗಾಗಲಿ ಇಳಿಬೀಳದಂತೆ ಒಳಕ್ಕೆ ಸಿಕ್ಕಿಸಿರಿ. ಒಬ್ಬರೇ ಒಂದು ಐವತ್ತು ಕಿಲೋಮೀಟರು ಹೋಗಿಬನ್ನಿ. ಕೋರದಿಂದ ಹೊರಟು ಗುಬ್ಬಿಗೆ ಹೋಗಿಬಂದರೆ ಅಷ್ಟು ದೂರಕ್ಕೆ ಕೊರತೆಯಾಗದು. ಬೆನ್ನಿಗೆ ಹಾಯೆನಿಸಿತೋ, ಒರಗು ನಿಮಗೆ ಒದಗುತ್ತದೆ. ಏನೂ ಅನಿಸಲಿಲ್ಲವೋ, ನಿಮ್ಮ ನೋವಿನ ಮೂಲ ಬೇರೆ ಕಡೆ ಇದೆ, ಹಣ ಉಳಿಯಿತು. ಯಾವಾಗಲೂ ಒಬ್ಬರೇ ಪ್ರಯಾಣ ಮಾಡುವವರು ಈ ಸುರುಳಿಯಲ್ಲೇ ನಿಂತುಬಿಟ್ಟರೂ ನಷ್ಟವಿಲ್ಲ. ರಾತ್ರಿ ಹೊದೆಯುವುದಕ್ಕೂ ಆಯಿತು.

ಕೊಳ್ಳುವುದೇ ಸರಿಯೆಂದು ನಿಶ್ಚಯಿಸಿದವರು ಎಲ್ಲಕ್ಕಿಂತ ಮೊದಲು ಎತ್ತರವನ್ನು ನೋಡಬೇಕು. ಎರಡು ಕೈಗಳನ್ನೂ ಸೊಂಟದ ಮೇಲಿಟ್ಟುಕೊಳ್ಳಿ. ಹೆಬ್ಬೆರಳುಗಳು ಹಿಂದೆ, ಉಳಿದ ಬೆರಳುಗಳು ಮುಂದೆ, ಅಂಗೈ ಸೊಂಟದ ಮೂಳೆಯ ಏಣಿನ ಮೇಲೆ. ಆ ಏಣಿನ ಮಟ್ಟಕ್ಕೆ ಬೆನ್ನ ಹಿಂದೆ ಗೆರೆ ಎಳೆದರೆ ಅದು ಸೊಂಟದ ನಾಲ್ಕನೆಯ ಕಶೇರುವನ್ನು ಹಾಯುತ್ತದೆ. ಮೆತ್ತೆಯ ನಟ್ಟನಡು ಆ ಗೆರೆಯ ಮೇಲೋ ಅದಕ್ಕಿಂತ ಎರಡು ಬೆರಳು ಮೇಲೋ ಬರಬೇಕು. ಕುಳಿತಾಗ ಅಮುಕಿದ ಸೀಟಿನಿಂದ ಅಳೆದರೆ ಸಾಮಾನ್ಯ ಮೈಕಟ್ಟಿನವರಿಗೆ ಇದು ೧೫ರಿಂದ ೨೫ ಸೆಂಟಿಮೀಟರಿನ ಒಳಗೆ ಬರುತ್ತದೆ. ಅದಕ್ಕಿಂತ ಕೆಳಗಿದ್ದರೆ ಒರಗು ತಿಗವನ್ನು ಮುಂದಕ್ಕೆ ನೂಕುತ್ತದೆ. ಮೇಲಿದ್ದರೆ ಪಕ್ಕೆಲುಬಿಗೆ ತಗುಲಿ ಮೈಯನ್ನು ಮುಂದಕ್ಕೆ ಬಗ್ಗಿಸುತ್ತದೆ, ಸೊಂಟದ ಕಮಾನು ಇನ್ನಷ್ಟು ಚಪ್ಪಟೆಯಾಗುತ್ತದೆ. ಈ ಅಳತೆಯನ್ನು ನೀವೇ ತೆಗೆದುಕೊಳ್ಳಲಾಗುವುದಿಲ್ಲ. ವಾಹನದ ಮೇಲೆ ಕುಳಿತು, ಕೈ ಹ್ಯಾಂಡಲಿನ ಮೇಲೆ, ಕಾಲು ಮೆಟ್ಟಿನ ಮೇಲೆ ಇಟ್ಟಾಗ ಒಬ್ಬರು ವಾಹನವನ್ನು ಹಿಡಿದುಕೊಳ್ಳಲಿ, ಮತ್ತೊಬ್ಬರು ಅಳೆಯಲಿ. ಅಂಗಡಿಯಲ್ಲಿ ಕುರ್ಚಿಯ ಮೇಲೆ ಕುಳಿತು ತೆಗೆದ ಅಳತೆ ಕೆಲಸಕ್ಕೆ ಬಾರದು.

ಎತ್ತರವಾದ ಮೇಲೆ ಮುಂದು ಹಿಂದಿನ ದೂರ. ಒರಗು ಬೆನ್ನನ್ನು ಮುಟ್ಟಬೇಕು, ತಳ್ಳಬಾರದು. ಅದನ್ನು ಮುಟ್ಟಲೆಂದು ನೀವು ಹಿಂದೆ ಸರಿದು ಕೂರುವಂತಾದರೆ ಕೈಗಳು ನೆಟ್ಟಗಾಗಿ ಕ್ಲಚ್ಚು, ಬ್ರೇಕುಗಳ ಹಿಡಿತ ತಪ್ಪುತ್ತದೆ. ಮೊಣಕೈ ಸ್ವಲ್ಪ ಮಡಿಸಿರುವಾಗಲೇ ಒರಗು ಬೆನ್ನಿಗೆ ತಾಗಿದರೆ ಅದು ಸರಿಯಾದ ದೂರ. ಆದ್ದರಿಂದ ಮೇಲೆ ಕೆಳಗೆ, ಹಿಂದೆ ಮುಂದೆ ಎರಡು ಬಗೆಯಲ್ಲೂ ಸರಿಸಲು ಬರುವ ಒರಗನ್ನೇ ಕೇಳಿ ಕೊಳ್ಳಿ. ಚಳಿಗಾಲದಲ್ಲಿ ದಪ್ಪ ಕೋಟು ಹಾಕಿದಾಗ ಒಂದು ತೂತು ಹಿಂದಕ್ಕೆ ಸರಿಸಬೇಕಾದೀತು.

ಮೆತ್ತೆಯ ಅಗಲ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು, ಅಂಚುಗಳು ದುಂಡಗಿರಲಿ. ಹೆಬ್ಬೆರಳಿನಿಂದ ಬಲವಾಗಿ ಒತ್ತಿನೋಡಿ. ಒಳಗಿನ ಹಲಗೆ ಬೆರಳಿಗೆ ಸಿಕ್ಕಿದರೆ ಆ ಸ್ಪಂಜು ಒಂದು ಮಳೆಗಾಲವನ್ನೂ ತಾಳದು. ರಬ್ಬರು ಸೇರಿಸಿದ ತೆಂಗಿನ ನಾರಿನ ಮೆತ್ತೆ ಸಿಕ್ಕಿದರೆ ಬಿಡಬೇಡಿ. ಅದರಲ್ಲಿ ಗಾಳಿ ಆಡುತ್ತದೆ, ಬೆವರು ಕಡಮೆ. ತೆಂಗಿನ ಸೀಮೆಯವನೆಂಬ ಅಭಿಮಾನದಿಂದ ಮಾತ್ರ ಹೇಳುತ್ತಿಲ್ಲ. ರೆಕ್ಸಿನ್ನಿನ ಹೊಲಿಗೆ ಮೇಲ್ಮುಖದಲ್ಲಿದ್ದರೆ ಮಳೆಯ ನೀರು ಅದರಲ್ಲೇ ಇಳಿಯುತ್ತದೆ. ಬಣ್ಣವನ್ನು ನಿಮ್ಮ ಇಷ್ಟದಂತೆ ಆರಿಸಿಕೊಳ್ಳಿ.

ಇಲ್ಲಿಯವರೆಗೆ ಹೇಳಿದ್ದು ಸವಾರನ ಸುಖ. ಈಗ ಹಿಂದೆ ಕುಳಿತವರ ವಿಷಯಕ್ಕೆ ಬರುತ್ತೇನೆ. ಒರಗಿನ ಜಾಹೀರಾತುಗಳಲ್ಲಿ ಇವರ ಸುದ್ದಿಯೇ ಇರುವುದಿಲ್ಲ.

ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಯುವಕರೊಬ್ಬರು ಸಿಂಧನೂರಿನ ಕಡೆಯವರು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಎರಡು ತಿಂಗಳಿಗೊಮ್ಮೆ ಮೋಟಾರು ಸೈಕಲ್ಲಿನ ಮೇಲೆ ಹೆಂಡತಿಯೊಡನೆ ಊರಿಗೆ ಹೋಗುತ್ತಾರೆ. ಹಿರಿಯೂರು, ಬಳ್ಳಾರಿಯ ಮೇಲೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. "ಬಳ್ಳಾರಿ ಮುಟ್ಟೋದ್ರಾಗ ನಡಾ ಹಿಡೀತದ್ರಿ ಸರ" ಎಂದು ಒಂದು ದಿನ ಹೇಳಿದರು. (ನಡು ಎಂಬ ಶುದ್ಧ ಕನ್ನಡದ ಮಾತನ್ನು ನಾವು ಸೊಂಟಕ್ಕೆ ಬಿಟ್ಟುಕೊಟ್ಟೆವು, ಅವರು ಉಳಿಸಿಕೊಂಡಿದ್ದಾರೆ.) ಮುಂದಿನ ತಿಂಗಳು ಒಂದು ದೊಡ್ಡ ಒರಗನ್ನು ಹಾಕಿಸಿಕೊಂಡು ಬಂದು ತೋರಿಸಿದರು. ಮೆತ್ತೆ ಚೆನ್ನಾಗಿತ್ತು, ಎತ್ತರವೂ ಹೆಚ್ಚು ಕಡಮೆ ಸರಿಯಾಗಿತ್ತು. ಅವರ ಹೆಂಡತಿ ಹಿಂದೆ ಕುಳಿತು ತೋರಿಸಿದಾಗ ವಿಷಯ ಬೇರೆಯಾಯಿತು. ಒರಗು ಮತ್ತು ಅದರ ಕಾಲು ಸೇರಿ ಸೀಟಿನ ಒಂದು ಗೇಣನ್ನು ನುಂಗಿದ್ದುವು. ಆಕೆ ಸೀಟಿನ ತುದಿಗೆ ಸರಿದು ಕುಳಿತಿದ್ದರು. ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲು ಹಾಕಿದ್ದರಿಂದ ಕಾಲು ಮೆಟ್ಟಿಗೆ ನೆಟ್ಟಗೆ ಎಟುಕುತ್ತಿರಲಿಲ್ಲ. ಮೊದಲು ಗಂಡನ ಹೆಗಲನ್ನೋ ಸೊಂಟವನ್ನೋ ಹಿಡಿದುಕೊಳ್ಳುತ್ತಿದ್ದ ಕೈಗೆ ಈಗ ಕಬ್ಬಿಣದ ಕಾಲೇ ಗತಿ. "ನೀವು ಒರಗಿಕೊಂಡು ಹೋಗ್ರಿ, ನಾ ಬಸ್ಸಿಗೆ ಬರ್ತೀನಿ" ಎಂದರು. ಆ ಮಾತಿನಲ್ಲಿ ಇದ್ದಷ್ಟು ವಿವೇಕ ಆ ಒರಗನ್ನು ಮಾಡಿದವರಿಗೆ ಇರಲಿಲ್ಲವೆಂದು ನನ್ನ ಅಭಿಪ್ರಾಯ.

ಇದು ಬರಿಯ ಇಕ್ಕಟ್ಟಿನ ಮಾತಲ್ಲ. ಸವಾರ ಇದ್ದಕ್ಕಿದ್ದಂತೆ ಬ್ರೇಕು ಹಾಕಿದಾಗ ಹಿಂದೆ ಕುಳಿತವರ ಮೈ ಮುಂದಕ್ಕೆ ನುಗ್ಗುತ್ತದೆ. ಒರಗಿಲ್ಲದಿದ್ದರೆ ಅದು ಸವಾರನ ಬೆನ್ನಿಗೆ ತಗುಲಿ ನಿಲ್ಲುತ್ತದೆ. ಒರಗಿದ್ದರೆ ಅದರ ಹಿಂಭಾಗಕ್ಕೆ ಬಡಿಯುತ್ತದೆ. ಮೆತ್ತೆ ಇರುವುದು ಮುಂಭಾಗಕ್ಕೆ ಮಾತ್ರ, ಹಿಂದೆ ಬರಿಯ ತಗಡು, ನಟ್ಟು, ಬೋಲ್ಟು. ಅದು ತಾಗುವುದು ಹೊಟ್ಟೆಗೆ. ಮಗುವನ್ನು ನಡುವೆ ಕೂರಿಸಿಕೊಂಡಿದ್ದರಂತೂ ಆ ಮಾತನ್ನು ಆಡುವುದೇ ಬೇಡ. ೧೯೮೮ರ ಮೋಟಾರು ವಾಹನ ಕಾಯಿದೆ ಸವಾರನ ಹಿಂದೆ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸುವುದನ್ನೇ ಒಪ್ಪುವುದಿಲ್ಲ. ಆದ್ದರಿಂದ ಜೊತೆಯಲ್ಲಿ ಇನ್ನೊಬ್ಬರನ್ನು ಕರೆದೊಯ್ಯುವವರು, ಸಲಕರಣೆಯ ಸಹಾಯವಿಲ್ಲದೆ ಕೈಯಿಂದಲೇ ಕಳಚಲು ಬರುವ ಒರಗನ್ನೇ ಆರಿಸಬೇಕು. ಅದನ್ನು ಕಳಚಿಯೇ ಅವರನ್ನು ಹತ್ತಿಸಬೇಕು. ಮುಂದಕ್ಕೆ ಮಡಚುವ ಬಗೆಯೂ ಉಂಟು. ಹತ್ತಿ ಇಳಿಯಲು ಅದು ಅನುಕೂಲ, ಆದರೆ ಬ್ರೇಕಿನ ಪೆಟ್ಟಿಗೆ ಅದು ಉತ್ತರವಲ್ಲ.

ನಮ್ಮ ಸಿಂಧನೂರಿನವರು ಮಾಡಿದ್ದೂ ಹೀಗೆಯೇ. ಒಬ್ಬರೇ ಹೋಗುವಾಗ ಒರಗು. ಇಬ್ಬರೂ ಹೋಗುವಾಗ ಒರಗು ಮನೆಯಲ್ಲಿ. ದಾರಿಯಲ್ಲಿ ಮೂರು ಕಡೆ ನಿಲ್ಲುತ್ತಿದ್ದವರು ಐದು ಕಡೆ ನಿಲ್ಲುತ್ತಾರೆ.

ಜೋಡಿಸುವ ಬಗೆಯನ್ನು ಕುರಿತು ನಾಲ್ಕು ಮಾತು. ಒರಗಿನ ಕಾಲು ವಾಹನದ ಚೌಕಟ್ಟಿಗೋ ಸೀಟಿನ ಕೆಳಗಿನ ಗಟ್ಟಿ ಕಬ್ಬಿಣಕ್ಕೋ ಬೋಲ್ಟಿನಿಂದ ಬಿಗಿಯಾಗಿರಬೇಕು. ಮಡ್‌ಗಾರ್ಡಿಗೂ ಪ್ಲಾಸ್ಟಿಕ್ಕಿನ ಮುಚ್ಚಳಕ್ಕೂ ಜೋಡಿಸಿದ್ದು ನಿಲ್ಲದು. ನಿಮ್ಮ ಭಾರ ಹಿಂದಕ್ಕೆ ಬಿದ್ದ ದಿನ ಅದು ಮುರಿಯುತ್ತದೆ, ನೀವೂ ಹಿಂದಕ್ಕೆ ಹೋಗುತ್ತೀರಿ. ಹಿಂದಿನವರು ಹಿಡಿದುಕೊಳ್ಳುವ ಕಂಬಿಯನ್ನು ತೆಗೆದು ಆ ತೂತುಗಳಿಗೇ ಒರಗನ್ನು ಕೂಡಿಸಿಕೊಡುತ್ತೇವೆನ್ನುವವರು ಕೆಲವರಿದ್ದಾರೆ. ಒಪ್ಪಬೇಡಿ. ಹಿಡಿಕೆ, ಕಾಲುಮೆಟ್ಟು, ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಮರೆ, ಈ ಮೂರೂ ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹಿಂಬದಿಯ ಸವಾರರಿಗಾಗಿ ವಿಧಿಸಿದವು. ಚೌಕಟ್ಟನ್ನು ಕೊರೆದು, ಬೆಸುಗೆ ಹಾಕಿಸಿ ಒರಗನ್ನು ನಿಲ್ಲಿಸುವುದೂ ಸಲ್ಲದು. ಚೌಕಟ್ಟಿನ ಉಕ್ಕು ಬೆಸುಗೆಯ ಪಕ್ಕದಲ್ಲೇ ಸೊರಗುತ್ತದೆ.

ಒರಗು ಏನನ್ನು ಮಾಡಲಾರದೆಂಬುದನ್ನೂ ತಿಳಿದಿರಬೇಕು. ಕುಳಿತ ಮನುಷ್ಯನ ಮೈ, ಸೆಕೆಂಡಿಗೆ ೪ರಿಂದ ೮ ಬಾರಿ ಮೇಲೆ ಕೆಳಗೆ ಆಡಿಸುವ ಅಲುಗಾಟಕ್ಕೆ ಹೆಚ್ಚು ನೋಯುತ್ತದೆ. ಅಂಥ ಅಲುಗಾಟ ಬರುವುದು ಕೆಟ್ಟ ರಸ್ತೆಯಿಂದ, ಸೀಟಿನ ಮೂಲಕ. ಅದನ್ನು ತಡೆಯಬೇಕಾದವು ಟೈರು, ಷಾಕ್ ಅಬ್ಸಾರ್ಬರು ಮತ್ತು ಸೀಟು. ಟೈರಿಗೆ ಹೇಳಿದ್ದಕ್ಕಿಂತ ಹೆಚ್ಚು ಗಾಳಿ ತುಂಬಿ, ಹಿಂದಿನ ಸ್ಪ್ರಿಂಗನ್ನು ಇಬ್ಬರ ಭಾರಕ್ಕೆ ಬಿಗಿಸಿ, ಒಬ್ಬರೇ ಹೋಗುತ್ತ ಬೆನ್ನುನೋವೆಂದರೆ ಒರಗು ಏನು ಮಾಡೀತು? ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯುವುದಕ್ಕೂ ಬದಲಿಯಿಲ್ಲ. ಕೋರದಿಂದ ಧರ್ಮಸ್ಥಳಕ್ಕೆ ಸುಮಾರು ಇನ್ನೂರೈವತ್ತು ಕಿಲೋಮೀಟರು. ತಿಪಟೂರು, ಹಾಸನ, ಸಕಲೇಶಪುರ, ಇಳಿಯಲು ಒಳ್ಳೆಯ ಊರುಗಳಿಗೇನೂ ಬರವಿಲ್ಲ.

ಇನ್ನು ಕೆಲವು ನೋವುಗಳು ಒರಗಿನ ಅಂಗಡಿಗೆ ಹೋಗಬೇಕಾದುವಲ್ಲ, ವೈದ್ಯರ ಬಳಿಗೆ ಹೋಗಬೇಕಾದುವು. ನೋವು ತಿಗದಿಂದ ಇಳಿದು ಕಾಲಿನ ಹಿಂಭಾಗದಲ್ಲಿ ಪಾದದವರೆಗೂ ಹರಿದರೆ, ಕಾಲು ಜೋಮು ಹಿಡಿದು ಬಿಡದಿದ್ದರೆ, ತಡಮಾಡಬೇಡಿ. ಜೀನಿನ ಮೇಲೆ ಕುಳಿತಾಗ ಜೀನಿಗೆ ತಾಗುವ ಭಾಗವಿದೆಯಲ್ಲ, ತೊಡೆಗಳ ಸಂದು ಮತ್ತು ಗುದದ ಸುತ್ತ, ಅಲ್ಲಿ ಸ್ಪರ್ಶ ತಿಳಿಯದಾದರೆ, ಅಥವಾ ಮೂತ್ರದ ಹಿಡಿತ ತಪ್ಪಿದರೆ, ಅದೇ ದಿನ, ಅದೇ ಹೊತ್ತು ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ಬಿಲ್ಲೆ ಜಾರಿ ನರಗಳ ಗೊಂಚಲನ್ನು ಒತ್ತಿದಾಗ ಹೀಗಾಗುತ್ತದೆ. ತಡವಾದರೆ ಹೋದ ಶಕ್ತಿ ಮರಳುವುದು ಕಷ್ಟ. ನಾಚಿಕೆಯಿಂದ ಮನೆಯವರಿಗೂ ಹೇಳದೆ ಎರಡು ದಿನ ಕಾಯುವವರು ಇರುವುದರಿಂದಲೇ ಇಷ್ಟು ಬಿಚ್ಚಿ ಬರೆದೆ.

ಒರಗನ್ನು ಹಾಕಿಸಿದ ಮೇಲೆ ಮೊದಲ ನೂರು ಕಿಲೋಮೀಟರು ಆದೊಡನೆ ನಿಲ್ಲಿಸಿ ಅದರ ನಟ್ಟುಗಳನ್ನು ಮುಟ್ಟಿ ನೋಡಿ. ಎಂಜಿನ್ನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಸೆಕೆಂಡಿಗೆ ಐವತ್ತು ಬಾರಿ ನಡುಗುತ್ತದೆ. ಸಾಮಾನ್ಯ ನಟ್ಟು ಆ ನಡುಕಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ. ಒಳಗೆ ನೈಲಾನ್ ಬಳೆಯಿರುವ ನಟ್ಟುಗಳನ್ನು ಕೇಳಿ ಹಾಕಿಸಿ. ಆ ಅಳತೆಯ ಸ್ಪ್ಯಾನರೊಂದನ್ನು ಸೀಟಿನ ಕೆಳಗೆ ಇಟ್ಟುಕೊಂಡಿರಿ.